ಕೊನೆಯ ಸಾಲಿನ ಎರಡು ಕಾಲಾಳುಗಳು

"ನಾನು ಬೇಡಿಕೊಳ್ಳೋಕೆ ಬಂದಿಲ್ಲ," ಎಂದಳು ಬಾಗಿಲಲ್ಲಿ ನಿಂತಿದ್ದ ಹುಡುಗಿ. "ನಮ್ಮಪ್ಪನ್ನ ಕೊಂದವಳು ನಾನೇ ಅಂತ ಪೊಲೀಸರು ತೀರ್ಮಾನ ಮಾಡಿದಾರೆ. ಇವತ್ತೋ ನಾಳೆಯೋ ಕರ್ಕೊಂಡು ಹೋಗ್ತಾರೆ. ಹೋಗಲಿ. ಅದಕ್ಕೆ ಮೊದಲು ತಲೆ ನೆಟ್ಟಗಿರೋ ಯಾರಾದರೂ ಒಬ್ಬರು ಆ ಕೋಣೆ ನೋಡಬೇಕು. ಅಷ್ಟೇ ನಾನು ಕೇಳೋದು."

ಬಾಗಿಲು ತೆರೆದದ್ದು ನಾದಿನಿ. ಅಚ್ಚುಮನೆಯಿಂದ ತಂದ ಕರಡು ತಿದ್ದುತ್ತಿದ್ದವಳು ಅವಳು. ಕೈಯಲ್ಲಿ ಕೆಂಪು ಪೆನ್ಸಿಲ್ಲು ಹಾಗೇ ಇತ್ತು. ಅಷ್ಟರಲ್ಲಿ ಒಳಗಿನಿಂದ ಕುರ್ಚಿ ಎಳೆದ ಸದ್ದು ಕೇಳಿತು. ಬಂದವರನ್ನು ಕೂರಿಸಿಕೊಳ್ಳಲು ಅತ್ತಿಗೆ ಸಿದ್ಧರಾಗಿದ್ದಾರೆ ಎಂದು ಅದರರ್ಥ.

ಅವರು ಇಡೀ ಬೀದಿಗೆ ಅತ್ತಿಗೆ. ಹಾಲಿನವನಿಂದ ಹಿಡಿದು ಠಾಣೆಯ ಇನ್‌ಸ್ಪೆಕ್ಟರ್‌ವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ನ್ಯಾಯವಾಗಿ ಹಾಗೆ ಕರೆಯುವ ಹಕ್ಕಿದ್ದವಳು ನಾದಿನಿ ಒಬ್ಬಳೇ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ನಾದಿನಿಯರಿಬ್ಬರೂ ಒಂದೇ ಮನೆಯಲ್ಲಿ ಉಳಿದಿದ್ದರು. ಅತ್ತಿಗೆ ವಿಮಾ ಕಂಪನಿಯಲ್ಲಿ ಬೆಂಕಿ ಅನಾಹುತಗಳ ತನಿಖೆ ಮಾಡುತ್ತಿದ್ದವರು. ಸುಟ್ಟುಹೋದ ಗೋದಾಮುಗಳ ಬೂದಿ ಕೆದಕಿ, ಬೆಂಕಿ ತಾನಾಗಿ ಹತ್ತಿತೋ ಯಾರಾದರೂ ಹಚ್ಚಿದರೋ ಎಂದು ಹೇಳುವುದು ಅವರ ಕೆಲಸವಾಗಿತ್ತು. ಕೆಲಸದಿಂದ ನಿವೃತ್ತರಾದರೂ ಕೆದಕುವ ಚಟ ಬಿಟ್ಟಿರಲಿಲ್ಲ.

ಹುಡುಗಿ ಕುಳಿತು ಹೇಳಿದ ಕತೆ ಇದು. ಪಕ್ಕದ ಬೀದಿಯ ಚದುರಂಗದ ಕಾಯಿಗಳ ಕಾರ್ಖಾನೆ ಅವಳ ಅಪ್ಪನದು. ಅವಳು ಯಜಮಾನರ ಕಿರಿಮಗಳು. ಕಾರ್ಖಾನೆಯಲ್ಲಿ ಕುದುರೆ ಕೆತ್ತುವ ಕೈ ಅವಳದೊಂದೇ. ಉಳಿದ ಕಾಯಿಗಳೆಲ್ಲ ಲೇತಿನ ಮೇಲೆ ತಿರುಗಿ ರೂಪ ಪಡೆಯುತ್ತವೆ, ಕುದುರೆಯ ತಲೆಯನ್ನು ಮಾತ್ರ ಉಳಿಯಲ್ಲೇ ಬಿಡಿಸಬೇಕು. ಒಂದು ಪ್ಲಾಸ್ಟಿಕ್ ಕಂಪನಿ ಕಾರ್ಖಾನೆಯನ್ನು ಹೆಸರು ಸಮೇತ ಕೊಳ್ಳಲು ಬಂದಿತ್ತು. ಅಪ್ಪ ಒಪ್ಪಿಬಿಟ್ಟಿದ್ದರು. ಮೊನ್ನೆ ಮಧ್ಯಾಹ್ನ ಅವಳು ಎಲ್ಲರೆದುರಿಗೇ ಅಪ್ಪನ ಮೇಲೆ ಹರಿಹಾಯ್ದು, ಮಾರಿದರೆ ನಿಮ್ಮ ಮುಖ ನೋಡಲ್ಲ ಎಂದು ಉಳಿ ಬಿಸಾಡಿ ಹೊರಟುಹೋದಳು. ಸಂಜೆಯೆಲ್ಲ ರೈಲ್ವೆ ಮೇಲ್ಸೇತುವೆಯ ಮೇಲೆ ನಿಂತಿದ್ದಳು. ಅವಳನ್ನು ಅಲ್ಲಿ ಕಂಡವರಿಲ್ಲ. ಮರುದಿನ ಬೆಳಿಗ್ಗೆ ಬೀಗ ತೆಗೆದ ಪಾಲಿಶ್ ಮೇಸ್ತ್ರಿಗೆ ಯಜಮಾನರು ಕಚೇರಿ ಕೋಣೆಯಲ್ಲಿ ಸತ್ತು ಬಿದ್ದದ್ದು ಕಾಣಿಸಿತು. ಯಾರೋ ಕರಿಮರದ ತುಂಡಿನಿಂದ ತಲೆಯ ಹಿಂದೆ ಹೊಡೆದಿದ್ದರು.

"ಮೇಜಿನ ಮೇಲೆ ಅರ್ಧ ಆಡಿದ ಆಟ ಇತ್ತಂತೆ," ಎಂದಳು ಕಿರಿಮಗಳು. "ದಿನಾ ಸಂಜೆ ಕೆಲಸ ಮುಗಿದ ಮೇಲೆ ನಾನೂ ಅಪ್ಪನೂ ಒಂದು ಆಟ ಆಡ್ತೀವಿ. ಅದು ಎಲ್ಲರಿಗೂ ಗೊತ್ತು. ಬೇರೆ ಯಾರೂ ಅವರ ಜೊತೆ ಆಡಲ್ಲ. ಆಟ ಇದೆ ಅಂದರೆ ನಾನು ವಾಪಸ್ ಬಂದಿದ್ದೆ ಅಂತ ಲೆಕ್ಕ."

ಆಟ ನೀನು ನೋಡಿದೆಯಾ ಎಂದು ಅತ್ತಿಗೆ ಕೇಳಿದರು. ಇಲ್ಲ, ಅವಳನ್ನು ಕೋಣೆಯ ಹತ್ತಿರಕ್ಕೂ ಬಿಟ್ಟಿರಲಿಲ್ಲ.

"ಜಗಳ ಆಡಿದ್ದಕ್ಕೆ ಈಗ ಬೇಜಾರಿದೆಯಾ?"

ಹುಡುಗಿ ಕಣ್ಣು ತಗ್ಗಿಸಲಿಲ್ಲ. "ಅಪ್ಪ ಹೋದರಲ್ಲ ಅಂತ ಎದೆ ಒಡೆದುಹೋಗಿದೆ. ಜಗಳಕ್ಕಲ್ಲ. ಅವರು ಎದ್ದು ಬಂದು ಮತ್ತೆ ಮಾರ್ತೀನಿ ಅಂದರೆ ಮತ್ತೆ ಜಗಳ ಆಡ್ತೀನಿ. ಹಾಗೇ ಅಂದೆ ಇನ್‌ಸ್ಪೆಕ್ಟರಿಗೂ. ಅವರಿಗೆ ಅದೇ ಸಾಕಾಯ್ತು."

ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡರು.

ಇನ್‌ಸ್ಪೆಕ್ಟರು ಹಳೆಯ ಪರಿಚಯದವರು. ಹಿಂದೆ ಎರಡು ಬೆಂಕಿ ಪ್ರಕರಣಗಳಲ್ಲಿ ಅತ್ತಿಗೆಯಿಂದ ಮರ್ಯಾದೆ ಉಳಿಸಿಕೊಂಡಿದ್ದರು. ಹಾಗಾಗಿ, ಹತ್ತು ನಿಮಿಷ ನೋಡಿ, ಏನೂ ಮುಟ್ಟಬೇಡಿ ಎಂದು ಬಾಗಿಲು ತೆಗೆಸಿದರು. ಕಿರಿಮಗಳು ಹೊರಗೇ ಉಳಿಯಬೇಕಾಯಿತು.

ಕಾರ್ಖಾನೆಯೊಳಗೆ ಕಾಲಿಟ್ಟ ಕೂಡಲೇ ನಾದಿನಿ ಎಡವಿದಳು. ಹಗ್ಗ ಬಿಗಿದು ವಿಳಾಸ ಅಂಟಿಸಿದ ಪಾರ್ಸೆಲ್‌ಗಳನ್ನು ಬಾಗಿಲ ಬಳಿಯೇ ಒಟ್ಟಿದ್ದರು. ಲೇತುಗಳು ನಿಂತಿದ್ದವು. ನೆಲದ ತುಂಬ ಸುರುಳಿ ಸುರುಳಿ ಮರದ ಹೊಟ್ಟು. ಗಾಳಿಯಲ್ಲಿ ಮೆರುಗೆಣ್ಣೆಯ ಕಟುವಾಸನೆ.

ಕಚೇರಿ ಕೋಣೆ ಚಿಕ್ಕದು. ಮೇಜಿನ ಮೇಲೆ ಚದುರಂಗದ ಹಲಗೆ, ಎದುರುಬದುರು ಎರಡು ಕುರ್ಚಿ. ಯಜಮಾನರ ಕುರ್ಚಿ ಕಪ್ಪು ಕಾಯಿಗಳ ಕಡೆಗಿತ್ತು. ಹಲಗೆಯ ಪಕ್ಕದಲ್ಲಿ ಕಾಯಿಗಳ ಹೊಸ ಪೆಟ್ಟಿಗೆ ಬಾಯ್ತೆರೆದು ಕೂತಿತ್ತು. ಹೊಸ ಸರಕು ಹೊರಗೆ ಹೋಗುವ ಮೊದಲು ಯಜಮಾನರು ಅದರಲ್ಲಿ ಒಂದಾಟ ಆಡಿ ನೋಡುತ್ತಿದ್ದರಂತೆ. ಪೆಟ್ಟಿಗೆಯ ಹತ್ತಿಯ ಹಾಸಿನ ಮೇಲೆ ಎರಡು ರಾಣಿಗಳು ಮಲಗಿದ್ದವು, ಒಂದು ಬಿಳಿ, ಒಂದು ಕಪ್ಪು. ಹಲಗೆಯಿಂದ ಹೊರಬಿದ್ದ ಕಾಯಿಗಳ ಸಾಲು ಬೇರೆಯೇ ಇತ್ತು: ಕಪ್ಪಿನ ಆನೆ, ಒಂಟೆ, ಕುದುರೆ, ಒಂದಷ್ಟು ಕಾಲಾಳು. ಬಿಳಿಯ ಕಡೆಯಿಂದ ಸತ್ತದ್ದು ಬರೀ ಕಾಲಾಳುಗಳು.

ನಾದಿನಿ ಕಾಲೇಜಿನ ದಿನಗಳಲ್ಲಿ ಚದುರಂಗ ಆಡಿದವಳು. ಹಲಗೆ ನೋಡುತ್ತ ನಿಂತವಳಿಗೆ ಏನೋ ಕಣ್ಣಿಗೆ ಚುಚ್ಚಿದಂತಾಯಿತು. ಹೇಳಲು ಬಾಯಿ ತೆರೆದಳು. ಅತ್ತಿಗೆ ಅವಳ ಮೊಣಕೈಯನ್ನು ಮೆಲ್ಲಗೆ ಒತ್ತಿದರು. ಅವಳು ಬಾಯಿ ಮುಚ್ಚಿಕೊಂಡಳು.

ಬೀಗ ಒಡೆದಿರಲಿಲ್ಲ. ಕಾರ್ಖಾನೆಯ ಕೀಲಿ ಇದ್ದದ್ದು ಯಜಮಾನರನ್ನು ಬಿಟ್ಟರೆ ನಾಲ್ವರ ಬಳಿ. ಕಿರಿಮಗಳು ಒಬ್ಬಳು. ಮತ್ತೊಬ್ಬರು ಯಜಮಾನರ ತಮ್ಮ. ಕಾರ್ಖಾನೆಯವರಿಗೆಲ್ಲ ಅವರು ಚಿಕ್ಕಪ್ಪ. ಸರಕು ಕಟ್ಟುವುದು, ಕಳಿಸುವುದು, ಗಿರಾಕಿಗಳನ್ನು ನೋಡುವುದು ಅವರ ಪಾಲಿನ ಕೆಲಸ. ಮೂರನೆಯವನು ಹಿರಿಮಗಳ ಗಂಡ, ಅಂದರೆ ಮನೆಯ ಅಳಿಯ. ಕೊನೆಗೆ ಪಾಲಿಶ್ ಮೇಸ್ತ್ರಿ. ಅತ್ತಿಗೆ ಆ ದಿನವೇ ಮೂವರನ್ನೂ ಮಾತಾಡಿಸಿದರು.

ಅಳಿಯ ಕಾರ್ಖಾನೆ ಮಾರಿ ಊರು ಬಿಡಬೇಕೆಂದು ತುದಿಗಾಲಲ್ಲಿ ನಿಂತಿದ್ದವನು. ಆ ಸಂಜೆ ಮನೆಯಲ್ಲಿದ್ದೆ ಎಂದ. ಅದಕ್ಕೆ ಸಾಕ್ಷಿ ಹೆಂಡತಿ. ಮಾತಾಡುತ್ತ ಕಪಾಟಿನಿಂದ ಒಂದು ಒಂಟೆ ಎತ್ತಿಕೊಂಡು, ಈ ಕಾಲಾಳುಗಳನ್ನು ನಂಬಿಕೊಂಡು ಇನ್ನೆಷ್ಟು ದಿನ ಬದುಕೋದು ಎಂದು ನಿಟ್ಟುಸಿರುಬಿಟ್ಟ. ಕಾರ್ಖಾನೆಗೆ ಅಳಿಯನಾಗಿ ಬಂದು ವರ್ಷಗಳಾದರೂ ಒಂಟೆಗೂ ಕಾಲಾಳಿಗೂ ವ್ಯತ್ಯಾಸ ತಿಳಿಯದ ಮನುಷ್ಯನನ್ನು ಕಂಡು ನಾದಿನಿ ನಗು ತಡೆದುಕೊಂಡಳು.

ಮೇಸ್ತ್ರಿ ಸಿಕ್ಕಿದ್ದು ಹಿತ್ತಲಿನ ಮರದ ನೆರಳಲ್ಲಿ. ಕೆಲಸವಿಲ್ಲದೆ ಕೂತ ಇನ್ನೊಬ್ಬ ಕೆಲಸಗಾರನೊಡನೆ ಆಟ ಹೂಡಿದ್ದ. ಹಿಂದಿನ ವಾರ ಯಜಮಾನರು ಅವನ ಪಾಲಿಶ್ ಸರಿಯಿಲ್ಲವೆಂದು ಎಲ್ಲರೆದುರು ಝಾಡಿಸಿದ್ದರೆಂಬ ಸುದ್ದಿ ಅತ್ತಿಗೆಯ ಕಿವಿಗೆ ಬಿದ್ದಿತ್ತು. ಅವನೇ ಮೊದಲು ಅದನ್ನು ಹೇಳಿಕೊಂಡ. ಬೈದರು, ಸಂಜೆ ಟೀ ಕುಡಿಸಿದರು, ಅಷ್ಟೇ ಎಂದ. ಮಾತಿನ ನಡುವೆ ಅವನ ಕಾಲಾಳು ಹಲಗೆಯ ತುದಿ ಮುಟ್ಟಿತು. ಪಕ್ಕದ ಡಬ್ಬಿಗೆ ಕೈಹಾಕಿ, ಕಿರೀಟ ಮುರಿದ ರಾಣಿಯೊಂದನ್ನು ತೆಗೆದು ಕಾಲಾಳಿನ ಜಾಗದಲ್ಲಿಟ್ಟ. "ಈಗ ನನ್ನ ಹತ್ರ ರಾಣಿಯರು ಇಬ್ಬರು. ಮನೆಯಲ್ಲಾದರೆ ಹೆಂಡತಿ ಬಿಡ್ತಿರಲಿಲ್ಲ," ಎಂದು ತಾನೇ ನಕ್ಕು, ನಗಬಾರದ ಹೊತ್ತೆಂದು ನೆನಪಾಗಿ ಸುಮ್ಮನಾದ.

ಚಿಕ್ಕಪ್ಪ ಸರಕು ಕಟ್ಟುವ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ಆ ಸಂಜೆ ಕೆಲಸ ಮುಗಿದೊಡನೆ ಪಾರ್ಸೆಲ್‌ಗಳನ್ನೆಲ್ಲ ಲಾರಿ ಕಚೇರಿಗೆ ಹಾಕಿ, ಅಲ್ಲಿಂದಲೇ ಮನೆಗೆ ಹೋದೆ ಎಂದರು. ಅಣ್ಣನ ನೆನಪಿನಲ್ಲಿ ಹೊಗಳಿಕೆಯೂ ಬಂತು, ದೂರೂ ಬಂತು. "ವ್ಯಾಪಾರ ಗೊತ್ತಿರಲಿಲ್ಲ ಅವನಿಗೆ. ಒಂದೊಂದು ಪೆಟ್ಟಿಗೆಗೂ ಎರಡು ರಾಣಿ ಜಾಸ್ತಿ ಹಾಕೋದು. ಒಳ್ಳೇ ಮರ, ಸುಮ್ನೆ ದಂಡ. ಯಾಕಪ್ಪಾ ಅಂತ ಕೇಳಿದರೆ ನಗೋನು."

"ಕಳೆದುಹೋದರೆ ಇರಲಿ ಅಂತ ಇರಬಹುದಲ್ಲ?" ಎಂದರು ಅತ್ತಿಗೆ.

"ಕಳೆದುಹೋಗೋದು ಕಾಲಾಳು, ಅತ್ತಿಗೆ. ಕಾಲಾಳು ಒಂದೂ ಜಾಸ್ತಿ ಇಡ್ತಿರಲಿಲ್ಲ."

ಮನೆಗೆ ಬರುವವರೆಗೂ ನಾದಿನಿ ತಡೆದುಕೊಂಡಿದ್ದಳು. ಅಡುಗೆಮನೆಯ ಮೇಜಿನ ಮುಂದೆ ಕೂತವಳೇ ಹೊಲಿಗೆಯ ಡಬ್ಬಿ ಸುರಿದು ಗುಂಡಿಗಳನ್ನು ಜೋಡಿಸಿದಳು. ಅತ್ತಿಗೆಗೆ ಚದುರಂಗದ ಗಂಧಗಾಳಿ ಇರಲಿಲ್ಲ.

ಕಾಲಾಳು ಮುಂದಕ್ಕೆ ಮಾತ್ರ ಹೋಗುತ್ತದೆ ಎಂದು ನಾದಿನಿ ಶುರುಮಾಡಿದಳು. ಹಾಗೆ ಹೋಗಿ ಎದುರಾಳಿಯ ಕಡೆಯ ಕೊನೆಯ ಸಾಲು ಮುಟ್ಟಿದರೆ ಅದಕ್ಕೆ ಬಡ್ತಿ. ಅದೇ ನಡೆಯಲ್ಲಿ ಅದನ್ನು ತೆಗೆದು, ಅದೇ ಮನೆಯಲ್ಲಿ ಅದೇ ಬಣ್ಣದ ರಾಣಿಯನ್ನೋ ಆನೆಯನ್ನೋ ಒಂಟೆಯನ್ನೋ ಕುದುರೆಯನ್ನೋ ಇಡಬೇಕು. ಹೊಸ ಕಾಯಿಯ ಬಲ ಆ ಗಳಿಗೆಯಿಂದಲೇ ನಡೆಯುತ್ತದೆ.

"ಎಲ್ಲರೂ ರಾಣಿಯನ್ನೇ ತಗೊಳ್ಳಲ್ವಾ?"

ಬಹುಮಟ್ಟಿಗೆ ಹೌದು. ಕೆಲವೊಮ್ಮೆ ಮಾತ್ರ ರಾಣಿ ತಂದರೆ ಎದುರಾಳಿಯ ರಾಜನಿಗೆ ಕದಲಲು ಜಾಗವೇ ಉಳಿಯದೆ, ಗೆಲ್ಲುವ ಆಟ ಸಮವಾಗಿಬಿಡುತ್ತದೆ. ಆಗ ಆನೆ ತರುವುದುಂಟು. ಕುದುರೆಯ ನೆಗೆತವೇ ಬೇಕಾದಾಗ ಕುದುರೆ.

"ನಾನು ಕಾಲಾಳಾಗೇ ಇರ್ತೀನಿ ಅಂದರೆ?"

"ಇರೋ ಹಾಗಿಲ್ಲ. ರಾಜ ಆಗೋ ಹಾಗೂ ಇಲ್ಲ. ಆ ನಾಲ್ಕರಲ್ಲಿ ಒಂದು ಆಗಲೇಬೇಕು, ಆಗದೆ ಆ ನಡೆಯೇ ಮುಗಿಯಲ್ಲ."

"ರಾಣಿ ಇನ್ನೂ ಬದುಕಿದ್ದರೆ?"

"ಇನ್ನೊಬ್ಬ ರಾಣಿ ಬರ್ತಾಳೆ. ಸತ್ತ ಕಾಯಿಗೂ ಇದಕ್ಕೂ ಸಂಬಂಧ ಇಲ್ಲ. ಕೆಲವರು ಮನೆಯಲ್ಲಿ ಆಡೋವಾಗ ಸತ್ತವರು ಮಾತ್ರ ಎದ್ದು ಬರಬೇಕು ಅಂತ ಆಡ್ತಾರೆ. ಅದು ನಿಯಮ ಅಲ್ಲ." ನಾದಿನಿ ಎರಡು ಬಿಳಿ ಗುಂಡಿಗಳನ್ನು ಮೇಜಿನ ತುದಿಗೆ ತಳ್ಳಿದಳು. "ಆ ಹಲಗೆ ಮೇಲೆ ಕೊನೆ ಸಾಲಿನಲ್ಲಿ ಬಿಳಿ ಕಾಲಾಳು ಎರಡಿದ್ದವು, ಅತ್ತಿಗೆ. ಕಾಲಾಳಾಗೇ ನಿಂತಿದ್ದವು."

ಅತ್ತಿಗೆ ಗುಂಡಿಗಳನ್ನು ಡಬ್ಬಿಗೆ ತುಂಬಿದರು. ಆಮೇಲೆ ಎದ್ದು, ಲಾರಿ ಕಚೇರಿಯವರೆಗೆ ಹೋಗಿಬರುತ್ತೇನೆಂದು ಹೊರಟರು.

ಮರುದಿನ ಮಧ್ಯಾಹ್ನ ಕಚೇರಿ ಕೋಣೆಯಲ್ಲಿ ಎಲ್ಲರೂ ಸೇರಿದರು. ಇನ್‌ಸ್ಪೆಕ್ಟರು ಕಿಟಕಿಗೆ ಒರಗಿ ನಿಂತಿದ್ದರು. ಅತ್ತಿಗೆಯ ಮಾತಿಗೆ ಒಪ್ಪಿ ಕರೆಸಿದ್ದರಾದರೂ ಅವರ ಮುಖ ಗಂಟುಹಾಕಿಕೊಂಡೇ ಇತ್ತು. ಹಲಗೆಯ ಮೇಲೊಂದು ಬಟ್ಟೆ ಹೊದಿಸಿತ್ತು. ಕಿರಿಮಗಳು ಬಾಗಿಲ ಬಳಿ ಎದೆಯ ಮೇಲೆ ಕೈಕಟ್ಟಿ ನಿಂತಳು. ಕೂರಲು ಹೇಳಿದರೂ ಕೂರಲಿಲ್ಲ.

"ಇದು ಇದ್ದ ಹಾಗೇ ಇದೆ," ಎಂದು ಅತ್ತಿಗೆ ಬಟ್ಟೆ ಸರಿಸಿದರು. "ನನಗೆ ಈ ಆಟ ಬರಲ್ಲ. ಇದರಲ್ಲಿ ಏನಾದರೂ ತಪ್ಪಿದೆಯಾ ಅಂತ ನೀವು ಹೇಳಬೇಕು. ಒಬ್ಬರು ಹೇಳೋವಾಗ ಇನ್ನೊಬ್ಬರು ಮಾತಾಡಬೇಡಿ. ಈಗ ಮನೆಗೆ ಹಿರಿಯರು ಚಿಕ್ಕಪ್ಪನೇ. ಮೊದಲು ಅವರೇ ಹೇಳಲಿ."

ಚಿಕ್ಕಪ್ಪ ಬಗ್ಗಿ ನೋಡಿದರು. ತಮ್ಮನ್ನು ಮೊದಲು ಕೇಳಿದ್ದು ಅವರಿಗೆ ಒಳಗೇ ಹಿತವಾಗಿದ್ದು ನಾದಿನಿಗೆ ಕಾಣಿಸಿತು. "ತಪ್ಪೇನೂ ಇಲ್ಲ," ಎಂದರು. "ಬಿಳಿ ಗೆಲ್ತಾ ಇದೆ. ಎರಡು ಕಾಲಾಳು ಕೊನೆ ಮುಟ್ಟಿವೆ. ಬಿಳಿಯದು ದೊಡ್ಡ ಕಾಯಿ ಯಾವುದೂ ಸತ್ತಿಲ್ಲವಲ್ಲ, ಅದಕ್ಕೇ ಕಾಯ್ತಾ ನಿಂತಿವೆ. ಒಂದು ಸತ್ತರೆ ಅದರ ಜಾಗಕ್ಕೆ ಇದು ಏಳುತ್ತೆ."

ಮೇಸ್ತ್ರಿ ಹುಬ್ಬು ಮೇಲೇರಿಸಿದ. ಕಿರಿಮಗಳು ಎರಡೇ ಹೆಜ್ಜೆಗೆ ಮೇಜಿನ ಬಳಿ ಬಂದು ಹಲಗೆ ನೋಡಿದಳು.

"ಕಾಯೋದು ಅಂತ ಇಲ್ಲ, ಚಿಕ್ಕಪ್ಪ," ಎಂದಳು. "ಅಪ್ಪ ಹೀಗೆ ಸತ್ತರೂ ಆಡ್ತಿರಲಿಲ್ಲ. ನಾನೂ ಆಡಲ್ಲ."

ಅತ್ತಿಗೆ ಒಂದೊಂದಾಗಿ ಬಿಡಿಸಿ ಹೇಳಿದರು. ಕೊನೆಯ ಸಾಲಿನಲ್ಲಿ ಒಂದೇ ಕಾಲಾಳು ಇದ್ದಿದ್ದರೆ, ಈಗಷ್ಟೇ ಮುಟ್ಟಿತು, ಬದಲಿಸುವುದರೊಳಗೆ ಜಗಳ ಹತ್ತಿತು ಎನ್ನಬಹುದಿತ್ತು. ಎರಡಿವೆ. ಒಂದು ನಡೆಗೆ ಎರಡು ಕಾಲಾಳು ಮುಟ್ಟುವುದಿಲ್ಲ. ಅಂದರೆ ಮೊದಲನೆಯದು ಬದಲಾಗದೆ ನಿಂತ ಮೇಲೂ ಆಟ ಮುಂದುವರಿದಿರಬೇಕು. ಕೈಗೆ ರಾಣಿ ಸಿಗಲಿಲ್ಲ ಎನ್ನಲೂ ಬರುವುದಿಲ್ಲ. ಹೆಚ್ಚಿನ ರಾಣಿ ಪಕ್ಕದ ಪೆಟ್ಟಿಗೆಯಲ್ಲೇ ಮಲಗಿತ್ತು, ಅದನ್ನು ಅಲ್ಲಿಟ್ಟಿದ್ದೇ ಇಂಥ ಗಳಿಗೆಗೆಂದು. ಆದ್ದರಿಂದ ಇದು ಅಪ್ಪ ಮಗಳು ಆಡಿದ ಆಟವೇ ಅಲ್ಲ. ಅವಳು ಬಂದಿದ್ದಳೆಂದು ತೋರಿಸಲು ಯಾರೋ ಜೋಡಿಸಿಟ್ಟ ಹಲಗೆ.

"ಯಾರು ಅಂತ ಹೇಳಿ," ಎಂದರು ಇನ್‌ಸ್ಪೆಕ್ಟರು.

ಅಳಿಯನಿಗೆ ಕಾಯಿಗಳ ಹೆಸರೇ ಬಾರದು. ಈ ಹಲಗೆಯಲ್ಲಿ ಆ ಎರಡು ಕಾಲಾಳುಗಳನ್ನು ಬಿಟ್ಟರೆ ಉಳಿದದ್ದೆಲ್ಲ ಆಟ ಬಲ್ಲವರು ಇಟ್ಟಂತಿದೆ ಎಂದು ನಾದಿನಿ ಹೇಳಿದ್ದಳು. ಅಳಿಯನಿಂದ ಅದು ಆಗದ ಕೆಲಸ. ಮೇಸ್ತ್ರಿ, ತನ್ನ ರಾಣಿ ಬದುಕಿರುವಾಗಲೇ ಇನ್ನೊಬ್ಬಳನ್ನು ತಂದದ್ದನ್ನು ನಾದಿನಿ ಕಣ್ಣಾರೆ ನೋಡಿದ್ದಳು. ಸುಳ್ಳು ಆಟ ಜೋಡಿಸಿದರೂ ಅವನು ಕಾಲಾಳನ್ನು ಹಾಗೆ ನಿಲ್ಲಿಸುತ್ತಿರಲಿಲ್ಲ. ಉಳಿದವರು ಒಬ್ಬರೇ, ಆಟ ಬಲ್ಲವರು, ಆದರೆ ಸತ್ತ ಕಾಯಿ ಮಾತ್ರ ಎದ್ದುಬರುತ್ತದೆ ಎಂದು ನಂಬಿದವರು. ಅಂಥವರಿಗೆ ಪೆಟ್ಟಿಗೆಯಲ್ಲಿರುವ ಹೆಚ್ಚಿನ ರಾಣಿ ದಂಡವಾಗಿ ಕಾಣುತ್ತದೆ.

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು.

"ನಂಬಿಕೆ ಒಂದಕ್ಕೇ ನಾನು ಯಾರನ್ನೂ ಕೊಲೆಗಾರ ಅನ್ನಲ್ಲ," ಎಂದರು ಅತ್ತಿಗೆ. "ಆದರೆ ಆ ಸಂಜೆ ಪಾರ್ಸೆಲ್ ಎಲ್ಲಾ ಲಾರಿ ಕಚೇರಿಗೆ ಹಾಕಿದೆ ಅಂದಿರಿ. ನನ್ನ ನಾದಿನಿ ನಿನ್ನೆ ಬಾಗಿಲಲ್ಲಿ ಎಡವಿದ್ದು ಅವುಗಳಿಗೇ. ಲಾರಿ ಕಚೇರಿಯವರನ್ನ ಕೇಳಿದೆ. ಆ ದಿನ ನೀವು ಅತ್ತ ಹೋಗೇ ಇಲ್ಲ. ಎಲ್ಲಿದ್ರಿ?"

ಚಿಕ್ಕಪ್ಪ ಅಳಲಿಲ್ಲ, ಇಲ್ಲವೆನ್ನಲೂ ಇಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ನಾದಿನಿಗೆ ಆ ಮನುಷ್ಯ ಇದ್ದಕ್ಕಿದ್ದಂತೆ ಹೊಸಬನಾಗಿ ಕಂಡ.

"ಇಲ್ಲೇ ಇದ್ದೆ," ಎಂದರು. "ಕಂಪನಿಯವರ ಹತ್ತಿರ ತಿರುಗಾಡಿದ್ದು ನಾನು, ಒಪ್ಪಿಸಿದ್ದು ನಾನು. ಹೊಸ ಕಾರ್ಖಾನೆಗೆ ನನ್ನನ್ನೇ ಮ್ಯಾನೇಜರ್ ಮಾಡ್ತೀವಿ ಅಂದಿದ್ದರು. ಜೀವಮಾನ ಎಲ್ಲ ಅಣ್ಣನ ಪೆಟ್ಟಿಗೆ ಹೊತ್ತೆ. ಅವತ್ತು ಸಂಜೆ ಕರೆದು, ಮಾರಲ್ಲ ಕಣೋ, ಮನಸ್ಸು ಬದಲಾಯಿಸಿದೆ ಅಂದ."

"ಮಾರಲ್ಲ ಅಂದ್ರಾ?" ಕಿರಿಮಗಳು ಮೇಜು ಬಿಟ್ಟು ಅವರ ಹತ್ತಿರ ಬಂದಳು. "ಅಪ್ಪ ಹಾಗಂದ್ರಾ?"

"ಮಧ್ಯಾಹ್ನ ಅವಳು ಬಯ್ದದ್ದೇ ಸರಿ ಅಂದ. ಕಾರ್ಖಾನೆ ಅವಳಿಗೇ ಬಿಡ್ತೀನಿ, ನೀನು ಅವಳ ಕೈಕೆಳಗೆ ಇರು ಅಂದ. ನನಗೆ. ಎತ್ತಿ ಆಡಿಸಿದ ಮಗುವಿನ ಕೈಕೆಳಗೆ." ಚಿಕ್ಕಪ್ಪ ಹಲಗೆಯ ಕಡೆ ಬೊಟ್ಟು ಮಾಡಿದರು. "ತಾತ ನಮ್ಮಿಬ್ಬರಿಗೂ ಕಲಿಸಿದ್ದು ಒಂದೇ ಆಟ. ಅವನು ಆಮೇಲೆ ಎಲ್ಲೋ ಹೋಗಿ ಬೇರೆ ಕಲಿತು ಬಂದ. ಚಿಕ್ಕಂದಿನಲ್ಲಿ ಒಂದು ಸಲವೂ ನನಗೆ ಸೋಲಲಿಲ್ಲ. ಕಾಯಿ ಇಡೋವಾಗ, ಒಂದು ಸಲವಾದರೂ ಚೆನ್ನಾಗಿ ಸೋತ ಹಾಗೆ ಕಾಣಲಿ ಅಂತ ಇಟ್ಟೆ."

"ಮತ್ತೆ ನಾನು?" ಎಂದಳು ಕಿರಿಮಗಳು. "ನಾನು ಜೈಲಿಗೆ ಹೋಗ್ತಿದ್ದೆ."

"ಹೋಗ್ತಿದ್ದೆ," ಎಂದರು ಅವರು. ಅಷ್ಟೇ ಎಂದರು.

ಅವಳು ಕೈ ಎತ್ತಲಿಲ್ಲ, ಕೂಗಲೂ ಇಲ್ಲ. ಇನ್‌ಸ್ಪೆಕ್ಟರ ಕಡೆ ತಿರುಗಿ, ಅಪ್ಪ ಕೊನೆಗೆ ಆಡಿದ ಮಾತನ್ನು ಈಗ ಇವರು ಹೇಳಿದ ಹಾಗೇ, ಒಂದಕ್ಷರ ಬಿಡದೆ ಬರೆದುಕೊಳ್ಳಿ ಎಂದಳು. ಇನ್‌ಸ್ಪೆಕ್ಟರು ಮರುಮಾತಾಡದೆ ಬರೆದುಕೊಂಡರು. ಚಿಕ್ಕಪ್ಪನನ್ನು ಕರೆದೊಯ್ಯುವಾಗ ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿಯಲಿಲ್ಲ. ಅವರೇ ಮೈ ಓರೆ ಮಾಡಿಕೊಂಡು ದಾಟಬೇಕಾಯಿತು.

ಮೂರನೆಯ ದಿನ ಬೆಳಿಗ್ಗೆ ಅಚ್ಚುಮನೆಗೆ ಹೊರಟ ನಾದಿನಿಗೆ ಪಕ್ಕದ ಬೀದಿಯಲ್ಲಿ ಜನ ಗುಂಪುಗೂಡಿದ್ದು ಕಂಡಿತು. ಕಾರ್ಖಾನೆಯ ಬಾಗಿಲು ಪೂರ್ತಿ ತೆರೆದಿತ್ತು. ಅಳಿಯ ಮೆಟ್ಟಿಲ ಮೇಲೆ ನಿಂತು, ಸಾವಿನ ಮನೆ, ನಾಲ್ಕು ದಿನ ಮುಚ್ಚಿರಲಿ, ಜನ ಏನಂದಾರು ಎಂದು ಹೇಳುತ್ತಲೇ ಇದ್ದ. ಕಿರಿಮಗಳು ಕೇಳಿಸಿಕೊಳ್ಳುತ್ತಲೇ ಒಳಗೆ ದೀಪ ಹಾಕುತ್ತಿದ್ದಳು. ಕೆಲಸಗಾರರು ಹೊರಗೆ ಹಿಂದುಮುಂದು ನೋಡುತ್ತಿದ್ದರು. ಮೇಸ್ತ್ರಿ ಮೊದಲು ಅಂಗಿಯ ತೋಳು ಮಡಿಸಿ ಒಳಗೆ ಹೋದ. ಅವನ ಹಿಂದೆ ಉಳಿದವರು ಹೋದರು.

ಅಷ್ಟರಲ್ಲಿ ಪ್ಲಾಸ್ಟಿಕ್ ಕಂಪನಿಯ ಮನುಷ್ಯ ಕಾರಿನಿಂದಿಳಿದ. ಹೊಳೆಯುವ ಬೂಟು, ಕಂಕುಳಲ್ಲಿ ಚರ್ಮದ ಚೀಲ. ಆದದ್ದಕ್ಕೆ ತುಂಬ ವಿಷಾದ ಎಂದು ಶುರುಮಾಡಿ, ಆದರೂ ಮಾತು ಮಾತೇ ಅಲ್ಲವೇ, ಹಿರಿಯರು ಒಪ್ಪಿಯಾಗಿತ್ತು, ಈಗ ಯಾರ ಹತ್ತಿರ ಮಾತಾಡಬೇಕು ಎಂದು ಕೇಳಿದ.

ಕಿರಿಮಗಳು ಲೇತಿಗೆ ಕರಿಮರದ ತುಂಡು ಬಿಗಿಯುತ್ತಿದ್ದಳು.

"ನನ್ನ ಹತ್ತಿರ," ಎಂದಳು. "ಮಾತು ಮುಗೀತು. ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ಚೂರು ಸಿಡಿಯುತ್ತೆ."

ಆತ ಪಕ್ಕಕ್ಕೆ ಸರಿಯುವಷ್ಟರಲ್ಲಿ ಅವಳು ಗುಂಡಿ ಒತ್ತಿಬಿಟ್ಟಿದ್ದಳು.